ಎಲ್ಲ ಸ್ಟೋವಿಗೂ ಒಂದೇ ವಾಶರ್

ಮಂದಿಯ ಮನೆಯ ಸ್ಟೋವ್ ಹೊತ್ತಿಸುವುದರಲ್ಲಿ ನಮ್ಮ ಸೋದರಮಾವನನ್ನು ಮೀರಿಸುವವರು ಇಡೀ ವಿಜಾಪುರದಲ್ಲಿ ಇರಲಿಲ್ಲ. ಅವನ ಮನೆಯಲ್ಲಿ ಮಾತ್ರ ಅಡುಗೆ ಕಟ್ಟಿಗೆ ಒಲೆಯ ಮೇಲೆಯೇ ಆಗುತ್ತಿತ್ತು!

ಇದು ಎಪ್ಪತ್ತರ ದಶಕದ ಮಾತು. ನಾನು ಆಗ ಕಾಲೇಜಿಗಾಗಿ ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಮಾಮಾನ ಮನೆಯಲ್ಲಿದ್ದೆ. ಮಾಮಾ ಡ್ರಾಯಿಂಗ್ ಮಾಸ್ತರ. ಅವನ ಹೆಂಡತಿ, ಅಂದರೆ ನಮ್ಮ ಅತ್ತಿ, ಒಲೆಯ ಹೊಗೆಯಿಂದ ಕೆಮ್ಮು ಹತ್ತಿಸಿಕೊಂಡಿದ್ದಳು. ಹೊಗೆಯಿಂದ ದೂರ ಇರಬೇಕು ಎಂದು ಡಾಕ್ಟರು ಹೇಳಿದ ದಿನವೇ ಮಾಮಾ ಹಳೆಯ ಸಾಮಾನಿನ ಅಂಗಡಿಯಿಂದ ಒಂದು ಹಿತ್ತಾಳೆಯ ಪಂಪ್ ಸ್ಟೋವ್ ತಂದ. ಯಾವ ಕಂಪನಿಯದೋ ದೇವರೇ ಬಲ್ಲ! ಎಣ್ಣೆ ಹಾಕುವ ಮುಚ್ಚಳಕ್ಕೆ ವಾಶರ್ ಇರಲಿಲ್ಲ. ಅಂಗಡಿಯಲ್ಲಿ ಸಿಕ್ಕ ಒಂದು ವಾಶರೂ ಅದಕ್ಕೆ ಸರಿಯಾಗಿ ಕೂಡಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಬೇರೆ ಸ್ಟೋವ್ ತರುತ್ತಿದ್ದರು. ನಮ್ಮ ಮಾಮಾ ಸೈಕಲ್ ಟ್ಯೂಬ್ ಕತ್ತರಿಸಿ ಹೊಸ ವಾಶರನ್ನೇ ಕಂಡುಹಿಡಿದ. ಎಳೆದರೆ ಹಿಗ್ಗುತ್ತಿತ್ತು, ಒತ್ತಿದರೆ ಕುಗ್ಗುತ್ತಿತ್ತು.

"ಯಾವ ಕಂಪನಿ ಸ್ಟೋ ಇದ್ರೂ ಕೂಡತೈತಿ! ಇನ್ನ ಯಾರೂ ಅಂಗಡಿ ಅಂಗಡಿ ತಿರಗೂದ ಬ್ಯಾಡ."

"ಮದ್ಲ ನಮ್ಮದನ್ನ ಹಚ್ಚರಿ" ಅಂದಳು ಅತ್ತಿ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ.

"ನಮ್ಮದಕ್ಕ ಹಾಕೇನಲ್ಲ! ಗಾಳಿ ಹ್ಯಾಂಗ ಹಿಡದೈತಿ ನೋಡ."

ಗಾಳಿಯೇನೋ ಹಿಡಿದಿತ್ತು. ಎಣ್ಣೆ? ರೇಶನ್ ಅಂಗಡಿಯ ಚಿಮಣಿ ಎಣ್ಣೆ ಮನೆಯಲ್ಲಿ ನಿಂತರೆ ತಾನೆ! ದಿನವೂ ಯಾರಾದರೂ ಸ್ಟೋವ್ ಹಿಡಿದುಕೊಂಡು ಬರುವವರು. ವಾಶರ್ ಹಾಕಿದ ಮೇಲೆ ಹೊತ್ತಿಸಿ ನೋಡಬೇಡವೇ? ವಾಶರ್ ಪುಕ್ಕಟೆ, ಎಣ್ಣೆ ಪುಕ್ಕಟೆ, ಮೇಲೆ ಅತ್ತಿಯ ಕೈಯ ಚಹಾ. ಅದೂ ಕಟ್ಟಿಗೆ ಒಲೆಯ ಮೇಲೆ ಕುದಿಸಿದ್ದು!

ಕೇಳಿದವರಿಗೆಲ್ಲ ಮಾಮಾ ರಟ್ಟಿನಲ್ಲಿ ಅಳತೆ ಕತ್ತರಿಸಿಯೂ ಕೊಟ್ಟ. "ನೀವೂ ಮಾಡ್ಕೋರಿ, ಮಂದಿಗೂ ಕೊಡ್ರಿ" ಎಂಬ ಉಪದೇಶ ಬೇರೆ. ಹೀಗೆ ವಾಶರ್ ಬಸ್ ಹತ್ತಿ ತಿಕೋಟಾ, ಬಬಲೇಶ್ವರ ಮುಟ್ಟಿತು. ಕೆಲ ದಿನಗಳಲ್ಲಿ ಅದೇ ಬಸ್ಸಿನಲ್ಲಿ ತಕರಾರೂ ಬಂತು.

ತಿಕೋಟಾದ ಬೀಗರ ಸ್ಟೋವಿನ ಮುಚ್ಚಳದಿಂದ ಎಣ್ಣೆ ಜಿನುಗಿತು. ಮಾಮಾ ಹೋಗಿ ನೂಲು ಸುತ್ತಿ ಬಂದ. ಬಬಲೇಶ್ವರದ ಸಂತೆಯ ಚಹಾದಂಗಡಿಯಲ್ಲಿ ಸ್ಟೋವ್ ಗಾಳಿ ಬಿಟ್ಟು ಆರಿತು. ಅಲ್ಲಿ ವಾಶರಿನ ಮೇಲೆ ಇನ್ನೊಂದು ವಾಶರ್ ಹಾಕಿ ಬಂದ. ಊರಿಗೊಂದು ಔಷಧ! ತಪ್ಪು ಮಾತ್ರ ವಾಶರಿನದಲ್ಲವೇ ಅಲ್ಲ. ತಿಕೋಟಾದ ಸ್ಟೋವ್ ಸೊಟ್ಟ, ಬಬಲೇಶ್ವರದವರಿಗೆ ಪಂಪು ಹೊಡೆಯುವುದೇ ಗೊತ್ತಿಲ್ಲ!

"ನಮ್ಮ ಮನ್ಯಾಗ ಹ್ಯಾಂಗ ಗಟ್ಟಿ ಕುಂತೈತಿ, ಬಂದ ನೋಡ್ರಿ" ಎಂದು ಎಲ್ಲರಿಗೂ ಸವಾಲು ಹಾಕುತ್ತಿದ್ದ.

ಬಬಲೇಶ್ವರದ ಚಹಾದಂಗಡಿಯ ಚಾಚಾ ನಿಜಕ್ಕೂ ಬಂದೇಬಿಟ್ಟ, ಸ್ಟೋವ್ ಹೊತ್ತುಕೊಂಡು! ಮುಚ್ಚಳ ತೆಗೆದರೆ ವಾಶರ್ ಪೂರಿಯ ಹಾಗೆ ಉಬ್ಬಿ ಮೆತ್ತಗಾಗಿತ್ತು.

"ಮಾಸ್ತರ್ರ, ಇದು ಎಣ್ಣಿ ಕುಡದ ಬಾತೈತಿ. ನಿಮ್ಮದನ್ನ ತೋರಸ್ರಿ."

ಮಾಮಾ ಮನೆಯ ಸ್ಟೋವಿನದನ್ನು ತೆಗೆದು ತೋರಿಸಿದ. ಹೊಚ್ಚ ಹೊಸದಾಗಿಯೇ ಇತ್ತು! ಅವನ ಮುಖದಲ್ಲಿ ಗೆಲುವೋ ಗೆಲುವು. ಆಗ ಒಲೆಯ ಕಡೆಯಿಂದ ಕೆಮ್ಮು ಕೇಳಿತು.

"ಅದು ಎಂದಾರ ಎಣ್ಣಿ ಕಂಡಿದ್ರ ಬಾತಿರತಿತ್ತಲ್ಲರಿ? ಒಂದ ವಾರ ಅದರ ಮ್ಯಾಲ ನನಗ ಅಡಗಿ ಮಾಡಾಕ ಕೊಟ್ಟಿದ್ರ, ಊರೂರು ಅಲಿಯೂದ ತಪ್ಪತಿತ್ತು."

ಚಾಚಾ ನಕ್ಕ, ನಾನೂ ನಕ್ಕೆ. ಮಾಮಾ ನಗಲಿಲ್ಲ. ಅತ್ತಿಯ ಕೆಂಪು ಕಣ್ಣುಗಳನ್ನು ಅಂದೇ ಮೊದಲ ಸಲ ಕಂಡವನಂತೆ ನಿಂತುಬಿಟ್ಟ. ನನಗೂ ನಕ್ಕಿದ್ದು ಬೇಡವಾಗಿತ್ತು ಅನ್ನಿಸಿತು.

ಆಮೇಲೆ ಮಾಮಾ ಹೊರಗೆ ಹೋಗಿ ತನ್ನ ಚಪ್ಪಲಿಯ ತೊಗಲು ಕತ್ತರಿಸಿ, ಎಣ್ಣೆಯಲ್ಲಿ ನೆನೆಸಿ, ಹೊಸ ವಾಶರ್ ಮಾಡಿದ. ಚಾಚಾ ತನ್ನ ಸ್ಟೋವ್ ಮುಂದೆ ಸರಿಸಿದ.

"ನಿಮ್ಮದು ಆಮ್ಯಾಲ ಚಾಚಾ. ಮದ್ಲ ಇಕಿದು."

ಚಾಚಾ ತನ್ನ ಸ್ಟೋವಿನ ಎಣ್ಣೆಯನ್ನೇ ಅತ್ತಿಯ ಸ್ಟೋವಿಗೆ ಸುರಿದ. ಮುಂದೆ ಊರೂರಿನ ವಾಶರುಗಳನ್ನು ಮಾಮಾ ಬದಲಿಸಿ ಬಂದದ್ದು ಅತ್ತಿ ಒಂದು ವಾರ ಅಡುಗೆ ಮಾಡಿ ನೋಡಿದ ಮೇಲೆ. ಚಾಚಾ ಬಂದ ಆ ದಿನ ಮಾತ್ರ ಅವಳನ್ನು ಕೂರಿಸಿ ತಾನೇ ಚಹಾಕ್ಕೆ ಇಟ್ಟ. ಸ್ಟೋವ್ ನೀಲಿಯಾಗಿ ಉರಿಯಿತು. ಅತ್ತಿ ಮತ್ತೆ ಸೆರಗು ಕಣ್ಣಿಗೆ ಒತ್ತಿಕೊಂಡಳು. ಮಾಮಾ ಗಾಬರಿಯಾಗಿ ಬಗ್ಗಿ ಮುಚ್ಚಳ ನೋಡತೊಡಗಿದ.

"ಹೊಗಿ ಬರಾಕತ್ತೈತೇನ?"

"ಇಲ್ಲರಿ" ಅಂದಳು ಅತ್ತಿ. "ಛಲೋ ಉರಿಯಾಕತ್ತೈತಿ."