ಗಾಳಿಗೆ ಬೀಗ ಹಾಕಿದ ಕೆಂಡಪ್ಪ

"ಮೂರೇ ಮೂರು ದಿನ ಕೊಡಿ! ಈ ಮೀನಿನ ಟ್ಯಾಂಕು ತನ್ನನ್ನ ತಾನೇ ನೋಡ್ಕೊಳ್ಳೋ ಹಾಗೆ ಮಾಡ್ದೆ ಇದ್ರೆ ನನ್ನ ಹೆಸರು ಬದಲಾಯಿಸಿ!" ಎಂದು ಕೆಂಡಪ್ಪ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿದ. ಕಾಫಿ ಚಿಮ್ಮಿ ಮಾವನ ಪತ್ರಿಕೆಯ ಮೇಲೆ ಬಿತ್ತು.

ಹೆಸರು ಬದಲಾಯಿಸುವುದಕ್ಕೆ ಏನೂ ಉಳಿದಿರಲಿಲ್ಲ. ಕೆಂಡಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಲಿಫ್ಟ್ ಕಂಪನಿಯ ಜೊತೆಗಾರರು ದಯಪಾಲಿಸಿದ್ದು. ಹನ್ನೆರಡು ವರ್ಷದಿಂದ ಲಿಫ್ಟ್ ಮೆಕ್ಯಾನಿಕ್ ಆಗಿರುವ ಈ ಮಹಾಶಯನಿಗೆ ಬೆಳಿಗ್ಗೆ ಎದ್ದರೆ ಚಪ್ಪಲಿ ಸಿಗದಿದ್ದರೂ ಸಿಟ್ಟು, ಸಿಕ್ಕರೆ ಅದು ಇಷ್ಟು ಸುಲಭವಾಗಿ ಯಾಕೆ ಸಿಕ್ಕಿತು ಎಂದೂ ಸಿಟ್ಟು!

ಆದರೆ ಇವತ್ತಿನ ಸಿಟ್ಟಿಗೆ ಕಾರಣವಿತ್ತು. ಮಾವ ಹತ್ತು ದಿನಕ್ಕೆ ದೊಡ್ಡ ಮಗಳ ಮನೆಗೆ ಹೊರಟಿದ್ದರು. ಹೊರಡಲಿ, ಸಂತೋಷ. ತಾವು ಬರುವವರೆಗೆ ತಮ್ಮ ಏಳು ಮೀನುಗಳನ್ನು ಮೂರನೇ ಮಹಡಿಯ ಹಲ್ಲಿನ ಡಾಕ್ಟರ ಮನೆಯಲ್ಲಿ ಬಿಟ್ಟು ಹೋಗುತ್ತೇನೆ ಎಂದುಬಿಟ್ಟರು! ಮನೆಯಲ್ಲಿ ಗುಂಡುಕಲ್ಲಿನ ಹಾಗೆ ಅಳಿಯ ಇರುವಾಗ, ಹಲ್ಲು ಕೀಳುವವರ ಮನೆಗೆ!

"ದಿನಾ ಸಾವಿರ ಜನ ನನ್ನ ಲಿಫ್ಟುಗಳಲ್ಲಿ ಹತ್ತಿ ಇಳೀತಾರೆ ಮಾವ! ಸಾವಿರ ಜನರ ಜೀವ ನನ್ನ ಕೈಲಿದೆ! ಏಳು ಮೀನು ನೋಡ್ಕೊಳ್ಳೋಕೆ ಆಗಲ್ವಾ ನನ್ ಕೈಲಿ?"

ಮಾವ ಕಾಫಿ ಬಿದ್ದ ಜಾಗವನ್ನು ಟವೆಲಿನಿಂದ ಒತ್ತಿ ಒರೆಸಿದರು. ನಲವತ್ತು ವರ್ಷ ಪತ್ರಿಕೆಯೊಂದರಲ್ಲಿ ಕರಡು ತಿದ್ದಿದವರು ಅವರು. ಮಾತು ಕಡಿಮೆ, ಪೆನ್ಸಿಲ್ ಜಾಸ್ತಿ. ನಿವೃತ್ತರಾದ ವಾರವೇ ಒಂದು ಕಿತ್ತಳೆ ಬಣ್ಣದ ಮೀನು ತಂದು, ಅದಕ್ಕೆ 'ಹೆಡ್ ಮೇಡಂ' ಎಂದು ಹೆಸರಿಟ್ಟರು. ಎಂಟು ವರ್ಷದಲ್ಲಿ ಅದು ಅಂಗೈ ಉದ್ದ ಬೆಳೆದಿತ್ತು. ಪ್ರತಿದಿನ ಬೆಳಿಗ್ಗೆ ಟ್ಯಾಂಕಿನ ಮುಂದೆ ಕುರ್ಚಿ ಎಳೆದುಕೊಂಡು, ಅದಕ್ಕೆ ಪತ್ರಿಕೆ ಓದಿ ಹೇಳುತ್ತಿದ್ದರು. "ನೋಡಮ್ಮ, ಇಲ್ಲೊಂದು ಕೊಂಬು ಬಿಟ್ಟಿದಾರೆ," ಎಂದರೆ ಹೆಡ್ ಮೇಡಂ ಗಾಜಿನ ಹತ್ತಿರ ಬಂದು ಬಾಯಿ ಬಿಡುತ್ತಿತ್ತು. ಮಿಕ್ಕ ಆರು ಮೀನು ಸುಮ್ಮನೆ ಸಂಸಾರ ಮಾಡಿಕೊಂಡಿದ್ದವು.

ಅಡುಗೆಮನೆಯಲ್ಲಿ ಹೆಂಡತಿ ಕೆಂಡಪ್ಪನ ತೋಳು ಹಿಡಿದು ನಿಲ್ಲಿಸಿದಳು. ಆಕೆ ಆಸ್ಪತ್ರೆಯಲ್ಲಿ ನರ್ಸ್. ಗದ್ದಲದಲ್ಲಿ ಮೆಲ್ಲಗೆ ಮಾತಾಡಿ ಅಭ್ಯಾಸ.

"ಆಯ್ತು, ಅಪ್ಪನ್ನ ನಾನು ಒಪ್ಪಿಸ್ತೀನಿ. ಆದ್ರೆ ಅವರು ವಾಪಸ್ ಬಂದಾಗ ಹೆಡ್ ಮೇಡಂ ಇರ್ಬೇಕು. ಇಲ್ಲಾಂದ್ರೆ ಅವರ ಎದುರು ನಿಂತು ನೀವೇ ಹೇಳ್ಬೇಕು. ನನ್ ಕೈಲಾಗಲ್ಲ."

"ಇರ್ದೆ ಎಲ್ಲಿಗೆ ಹೋಗುತ್ತೆ? ಮೀನು ತಾನೆ!"

ಮೂರು ಸಂಜೆ ಊಟದ ಮೇಜು ಊಟಕ್ಕೆ ಸಿಗಲಿಲ್ಲ. ಕಂಪನಿಯ ಗೋದಾಮಿನ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದ ಹಳೆಯ ಲಿಫ್ಟಿನ ಕಬ್ಬಿಣದ ಪೆಟ್ಟಿಗೆ ಮನೆಗೆ ಬಂತು. ಅದರೊಳಗೆ ಅಂಗೈಯಗಲದ ಒಂದು ಎಲೆಕ್ಟ್ರಾನಿಕ್ ಬೋರ್ಡು, ಸಾಲಾಗಿ ತಾವಾಗಿಯೇ ಆನ್ ಆಫ್ ಆಗುವ ರಿಲೇ ಸ್ವಿಚ್ಚುಗಳು, ಒಂದು ಬ್ಯಾಟರಿ, ಒಂದು ಬೆಲ್ಲು. ಟ್ಯಾಂಕಿನೊಳಗೆ ನೀರಿನ ಮಟ್ಟ ನೋಡುವ ತೇಲುಗುಂಡು, ಬಿಸಿ ಅಳೆಯುವ ಕಡ್ಡಿ. ಮುಚ್ಚಳಕ್ಕೆ ಲಿಫ್ಟಿನ ಬಾಗಿಲಿಗೆ ಹಾಕುವಂಥದೇ ಸ್ವಿಚ್ಚು. ಹೊತ್ತುಹೊತ್ತಿಗೆ ಆಹಾರ ಉದುರಿಸಲು ಒಂದು ಪುಟಾಣಿ ಮೋಟರು. ದೀಪ, ಗಾಳಿಯ ಪಂಪು ಎಲ್ಲದರ ವೈರೂ ಆ ಪೆಟ್ಟಿಗೆಯ ಹೊಟ್ಟೆಗೇ ಸೇರಿತು. ಪಂಪಿನ ಪ್ಲಗ್ಗನ್ನು ಕತ್ತರಿಸಿ ಬಿಸಾಡಿ, ವೈರನ್ನು ನೇರವಾಗಿ ಒಳಗೆ ಕೂರಿಸಿದ. ಪೆಟ್ಟಿಗೆಗೆ ಹಾಕಿದ್ದು ಸಾಮಾನ್ಯ ಸ್ಕ್ರೂ ಅಲ್ಲ. ಅದನ್ನು ಬಿಚ್ಚುವ ಸ್ಕ್ರೂಡ್ರೈವರ್ ಊರಲ್ಲಿ ಲಿಫ್ಟಿನವರ ಹತ್ತಿರ ಬಿಟ್ಟರೆ ಬೇರೆಯವರ ಹತ್ತಿರ ಇರುವುದಿಲ್ಲ. ಮೇಲೆ ಒಂದು ಬೀಗದ ಕಿಂಡಿ. ಕೀಲಿ ಕೆಂಡಪ್ಪನ ಜೇಬಿನಲ್ಲಿ!

ಹನ್ನೆರಡು ವರ್ಷದಲ್ಲಿ ಅವನ ರಕ್ತಕ್ಕೆ ಇಳಿದಿದ್ದ ನಿಯಮವೊಂದೇ: ಎಳ್ಳಷ್ಟು ಅನುಮಾನ ಬಂದರೂ ಮೊದಲು ಎಲ್ಲವನ್ನೂ ನಿಲ್ಲಿಸು, ಬೆಲ್ಲು ಹೊಡಿ, ಕೀಲಿ ಇರುವವನು ಬಂದು ನೋಡುವ ತನಕ ಅಲುಗಾಡಬೇಡ. ಲಿಫ್ಟು ಹಾಗೆಯೇ ಇರಬೇಕು. ಅದೇ ನಿಯಮವನ್ನು ಚಾಚೂತಪ್ಪದೆ ಮೀನಿನ ಟ್ಯಾಂಕಿಗೂ ಕಲಿಸಿದ.

ಹೊರಡುವ ದಿನ ಮಾವ ಅಭ್ಯಾಸದಂತೆ ಒಂದು ಮಗ್ ನೀರು ಹಾಕಲು ಮುಚ್ಚಳ ಎತ್ತಿದರು. ಟ್ರೀಂಯ್! ದೀಪ ಆರಿತು, ಪಂಪು ನಿಂತಿತು. ಮಗ್ಗು ಕೈಯಿಂದ ಜಾರಿತು.

"ನೋಡಿದ್ರಾ!" ಕೆಂಡಪ್ಪ ಕೀಲಿ ತಿರುಗಿಸಿ ಎದೆಯುಬ್ಬಿಸಿದ. "ಒಂದು ಸೊಳ್ಳೆ ಒಳಗೆ ಹೋಗ್ಬೇಕಂದ್ರೂ ನನ್ನ ಅಪ್ಪಣೆ ಬೇಕು!"

"ಹೂಂ," ಎಂದರು ಮಾವ. ಸ್ವಲ್ಪ ಹೊತ್ತು ಕುರ್ಚಿಯಲ್ಲಿ ಕೂತು ಪೆನ್ಸಿಲಿನಿಂದ ಒಂದು ಚೀಟಿ ಬರೆದು, ನಾಲ್ಕಾಗಿ ಮಡಿಸಿ ಅಳಿಯನ ಕೈಗಿಟ್ಟರು. "ಇದನ್ನೊಂದು ಸಲ ಓದ್ಬಿಡಿ ಅಳಿಯಂದ್ರೆ. ಮರೀಬೇಡಿ." ಹೆಡ್ ಮೇಡಂಗೆ "ಬರ್ತೀನಮ್ಮ" ಎಂದು ಹೇಳಿ ಬ್ಯಾಗು ಎತ್ತಿಕೊಂಡರು.

ಓದುವುದೇ? ಕೆಂಡಪ್ಪನ ಕಿವಿ ಕೆಂಪಾಯಿತು. ಇಷ್ಟು ದೊಡ್ಡ ಯಂತ್ರ ಕಟ್ಟಿ ನಿಲ್ಲಿಸಿದವನಿಗೆ ಚೀಟಿ! ಎಂಟಕ್ಕೆ ಇಷ್ಟು ಹಾಕಿ, ಐದಕ್ಕೆ ಅಷ್ಟು ಹಾಕಿ ಅಂತ ಪಾಠ! ಚೀಟಿಯನ್ನು ಬಿಚ್ಚದೆಯೇ ಅಂಗಿಯ ಜೇಬಿಗೆ ತುರುಕಿದ. ಅಂಗಿ ಕಂಪನಿಯದು, ವಾರಕ್ಕೊಮ್ಮೆ ಒಗೆಯುವುದು. ಹಾಗಾಗಿ ಚೀಟಿ ಅಲ್ಲೇ ಉಳಿಯಿತು.

ಎರಡು ದಿನ ಎಲ್ಲ ನೆಟ್ಟಗಿತ್ತು. ಮೂರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಅವನು ಊರಿನ ಇನ್ನೊಂದು ತುದಿಯಲ್ಲಿ, ಒಂಬತ್ತು ಮಹಡಿಯ ಕಟ್ಟಡವೊಂದರ ಲಿಫ್ಟಿನ ಮಂಡೆಯ ಮೇಲೆ ಕೂತು ಹಗ್ಗಕ್ಕೆ ಗ್ರೀಸು ಬಳಿಯುತ್ತಿದ್ದಾಗ ಫೋನು ಬಂತು. ಹೆಂಡತಿಗೆ ಅವತ್ತು ರಜೆ.

"ರೀ, ನಿಮ್ಮ ಪೆಟ್ಟಿಗೆ ಕಿರುಚ್ತಾ ಇದೆ! ದೀಪ ಇಲ್ಲ, ಗುಳ್ಳೆ ಬರ್ತಿಲ್ಲ!"

"ಮುಚ್ಚಳ ಮುಟ್ಟಿದ್ಯಾ?"

"ನಾನ್ಯಾಕೆ ಮುಟ್ಟಲಿ? ನೀರು ಸ್ವಲ್ಪ ಇಳಿದಿದೆ ಅಷ್ಟೆ. ಅಪ್ಪ ದಿನಾ ಒಂದು ಮಗ್ ಹಾಕ್ತಿದ್ರಲ್ಲ!"

ಹೌದಲ್ಲ! ನೀರು ಆರುತ್ತದೆ! ಬೆರಳಗಲ ಇಳಿದದ್ದನ್ನು ಕಂಡು ತೇಲುಗುಂಡು ಮಹಾ ಅಪಾಯ ಎಂದು ಸಾರಿತ್ತು. ಪೆಟ್ಟಿಗೆ ಎಲ್ಲವನ್ನೂ ನಿಲ್ಲಿಸಿ ಬೀಗ ಹಾಕಿಕೊಂಡಿತ್ತು. ತಪ್ಪು ತನ್ನದು ಎಂದು ಗೊತ್ತಾದ ಕ್ಷಣವೇ ಕೆಂಡಪ್ಪನ ಸಿಟ್ಟು ನೆತ್ತಿಗೇರಿತು.

"ನೀರು ಯಾಕೆ ಇಳೀಬೇಕಿತ್ತು ಅದು!"

"ನನ್ನ ಕೇಳ್ತೀರಾ? ಇರಿ, ಪ್ಲಗ್ ಕಿತ್ತಾಕ್ತೀನಿ... ಕಿತ್ತೆ. ಅಯ್ಯೋ, ಇನ್ನೂ ಕಿರುಚ್ತಿದೆಯಲ್ರೀ!"

"ಅದಕ್ಕೆ ಬ್ಯಾಟರಿ ಇದೆ! ಕರೆಂಟು ಹೋದ್ರೂ ನಾಲ್ಕು ಗಂಟೆ ಹೊಡೆಯುತ್ತೆ!" ಹೇಳುವಾಗ ಅವನಿಗೆ ಒಂಚೂರು ಹೆಮ್ಮೆಯೂ ಆಯಿತು.

"ಪಂಪಿಗೆ?"

ಕೆಂಡಪ್ಪ ಗ್ರೀಸಿನ ಡಬ್ಬಿ ನೋಡಿದ.

"ಪಂಪಿಗೂ ಬ್ಯಾಟರಿ ಇದೆಯೇನ್ರೀ?"

"...ಇಲ್ಲ."

"ಹಾಗಾದ್ರೆ ಪಂಪನ್ನ ಗೋಡೇಲಿರೋ ಸಾಕೆಟ್‌ಗೇ ಸಿಕ್ಕಿಸ್ತೀನಿ. ಅದರ ಪ್ಲಗ್ ಎಲ್ಲಿ?"

"ಕತ್ತರಿಸ್ಬಿಟ್ಟೆ."

ಆ ಕಡೆ ಕಿತ್ತ ಪ್ಲಗ್ಗನ್ನು ನೆಲಕ್ಕೆಸೆದ ಸದ್ದು ಕೇಳಿಸಿತು.

"ರೀ," ಎಂದಳು, ಬಹಳ ಮೆಲ್ಲಗೆ. ಆ ಮೆಲುದನಿಗೆ ದೊಡ್ಡ ಡಾಕ್ಟರುಗಳೇ ಹೆದರುತ್ತಾರಂತೆ. "ನಮ್ಮ ವಾರ್ಡಲ್ಲೂ ಅಲಾರಂ ಹೊಡಿಯುತ್ತೆ. ಅಲಾರಂ ಹೊಡೀತು ಅಂತ ಯಾರೂ ಆಕ್ಸಿಜನ್ ನಿಲ್ಲಿಸಲ್ಲ. ಹೆಡ್ ಮೇಡಂ ಮೇಲೆ ಬಂದು ಬಾಯಿ ಬಾಯಿ ಬಿಡ್ತಾ ಇದೆ. ಕೀಲಿ ತಗೊಂಡು ಈಗಲೇ ಬನ್ನಿ!"

"ನಂಗೆ ಕಲಿಸ್ಬೇಡ! ಲಿಫ್ಟಿನ ರೂಲೇ ಹಾಗೆ!" ಎಂದು ಕಿರುಚಿದವನು ಫೋನು ಇಟ್ಟು ಓಡಿದ.

ದಾರಿಯುದ್ದಕ್ಕೂ ಬೈಗುಳದ ಮಳೆ! ಕೆಂಪು ದೀಪಕ್ಕೆ ಬೈದ. ಹಸಿರಾದ ಮೇಲೆ ನಿಧಾನ ಹೊರಟ ಕಾರಿಗೆ ಬೈದ. ತೇಲುಗುಂಡು ಮಾರಿದ ಅಂಗಡಿಯವನಿಗೆ ಬೈದ. ಆದರೆ ಕಣ್ಣ ಮುಂದೆ ಇದ್ದದ್ದು ಖಾಲಿ ಟ್ಯಾಂಕಿನ ಎದುರು ಪತ್ರಿಕೆ ಹಿಡಿದು ಕೂತ ಮಾವ. ಆ ಮುದುಕರಿಗೆ ಏನೆಂದು ಹೇಳುವುದು? ಇನ್ನಷ್ಟು ಜೋರಾಗಿ ಹಾರ್ನ್ ಒತ್ತಿದ.

ಮನೆ ಐದನೇ ಮಹಡಿ. ಮೆಟ್ಟಿಲು ಹತ್ತಬಹುದಿತ್ತು. ಸ್ವಂತ ಕೈಯಾರೆ ಸರ್ವಿಸ್ ಮಾಡಿದ ಲಿಫ್ಟು ಇರುವಾಗ ಮೆಟ್ಟಿಲೇ? ಒಳಗೆ ನುಗ್ಗಿದ. ಲಿಫ್ಟು ತನ್ನ ಪಾಡಿಗೆ ತಾನು ಒಂದು, ಎರಡು ಎಂದು ಏರುತ್ತಿತ್ತು. "ಬೇಗ ಹೋಗೋ ಸೋಮಾರಿ!" ಎಂದು ಬಾಗಿಲಿಗೆ ಒಂದು ಒದ್ದ.

ಲಿಫ್ಟು ಗಕ್ಕನೆ ನಿಂತಿತು. ಬೆಲ್ಲು ಹೊಡೆಯಿತು.

ಹೋದ ತಿಂಗಳು ಆ ಬಾಗಿಲಿನ ಸ್ವಿಚ್ಚನ್ನು ಇನ್ನಷ್ಟು ಸೂಕ್ಷ್ಮ ಮಾಡಿದವನು ಸಾಕ್ಷಾತ್ ಕೆಂಡಪ್ಪನೇ. ಬಾಗಿಲು ಕೂದಲೆಳೆಯಷ್ಟು ಅಲುಗಿದರೂ ಎಲ್ಲ ನಿಲ್ಲಬೇಕು, ಕೀಲಿ ಇರುವವನು ಬಂದು ಮೇಲಿನ ಮೋಟರ್ ಕೋಣೆಯಲ್ಲಿ ತಿರುಗಿಸಬೇಕು. ಕೀಲಿ ಇತ್ತು. ಕೀಲಿ ಇದ್ದವನು ಮೂರು ಮತ್ತು ನಾಲ್ಕನೇ ಮಹಡಿಗಳ ನಡುವೆ ಇದ್ದ!

ಹಲ್ಲು ಕಡಿಯುತ್ತ ಕಂಪನಿಗೆ ಫೋನು ಮಾಡಿದ. "ಗಾಬರಿ ಆಗ್ಬೇಡಿ ಸಾರ್," ಎಂದಿತು ಒಂದು ಜೇನಿನ ದನಿ, "ನಿಮ್ಮ ಏರಿಯಾದ ಮೆಕ್ಯಾನಿಕ್‌ಗೆ ಈಗಲೇ ಮೆಸೇಜ್ ಹಾಕ್ತಿದೀವಿ." ಮರುಕ್ಷಣ ಅವನ ಕೈಯಲ್ಲೇ ಫೋನು ನಡುಗಿತು. ಮೆಸೇಜ್ ಬಂದಿತ್ತು: ಲಿಫ್ಟಿನಲ್ಲಿ ಒಬ್ಬರು ಸಿಕ್ಕಿಕೊಂಡಿದ್ದಾರೆ, ತಕ್ಷಣ ಹೋಗಿ.

"ಆ ಒಬ್ಬ ನಾನೇ! ಬೇರೆಯವರನ್ನ ಕಳಿಸ್ರೀ!" ಎಂದು ಅವನು ಕೂಗಿದ್ದು ಹೊರಗಿದ್ದವರಿಗೂ ಕೇಳಿಸಿತು.

"ಒಳಗೆ ಯಾರು? ಮೆಕ್ಯಾನಿಕ್ ಅವರಾ?" ಕೆಳಗಿನಿಂದ, ಮನೆಯಲ್ಲೇ ಕ್ಲಿನಿಕ್ ಇಟ್ಟುಕೊಂಡಿದ್ದ ಹಲ್ಲಿನ ಡಾಕ್ಟರ ದನಿ. "ಅಯ್ಯೋ, ಚೆನ್ನಾಗಿದೆ ಕಣ್ರೀ! ಪತ್ರಿಕೆಯವರೊಬ್ಬರು ಈಗ ನನ್ನ ಕುರ್ಚಿಯಲ್ಲೇ ಬಾಯಿ ತೆರ್ಕೊಂಡು ಕೂತಿದಾರೆ. ಇಂಥ ಸುದ್ದಿ ಅಂದ್ರೆ ಅವರಿಗೆ ಪ್ರಾಣ."

"ಹೇಳಿದ್ರೆ ಹಲ್ಲು ಉದುರಿಸ್ತೀನಿ!"

"ಅದು ನನ್ನ ಕೆಲಸ ಅಲ್ವಾ?" ಎಂದರು ಡಾಕ್ಟರು, ತಣ್ಣಗೆ.

ಮತ್ತೆ ಫೋನು. ಹೆಂಡತಿ ಏದುಸಿರು ಬಿಡುತ್ತಿದ್ದಳು. "ಎಲ್ಲಿದೀರಿ? ಸ್ಟೂಲ್ ಮೇಲೆ ನಿಂತು ಮಗ್ಗಲ್ಲಿ ನೀರು ಎತ್ತಿ ಎತ್ತಿ ಸುರೀತಾ ಇದೀನಿ, ಅಷ್ಟಾದ್ರೂ ಗಾಳಿ ಬೆರೀಲಿ ಅಂತ. ತೋಳು ಬಿದ್ದು ಹೋಗ್ತಿದೆ!"

"ಲಿಫ್ಟಲ್ಲಿ."

"ಯಾವ ಲಿಫ್ಟಲ್ಲಿ?"

"ನಮ್ದೇ. ನಿಂತು ಹೋಗಿದೆ."

"ಈಗ ಹೇಳಿ. ಕೆಳಗಿಳಿದು ಬಂದು ನಿಮ್ಮನ್ನ ಬಿಡಿಸೋಕೆ ಏನಾದ್ರೂ ಮಾಡ್ಲಾ, ಮೀನು ನೋಡ್ಲಾ?"

ಕೆಂಡಪ್ಪ ಉತ್ತರಕ್ಕೆ ಬಾಯಿ ತೆರೆದ. ತಲೆಯ ಮೇಲೆ ತಂಪಾಗಿ ಏನೋ ಸುಳಿಯಿತು. ಕತ್ತೆತ್ತಿ ನೋಡಿದ. ಲಿಫ್ಟಿನ ಚಾವಣಿಯಲ್ಲಿ ಪುಟ್ಟ ಫ್ಯಾನು ತಿರುಗುತ್ತಿತ್ತು! ಲಿಫ್ಟು ನಿಂತರೂ ಫ್ಯಾನು ನಿಲ್ಲುವುದಿಲ್ಲ. ಒಳಗೆ ಸಿಕ್ಕಿಕೊಂಡವನಿಗೆ ಗಾಳಿ ಬೇಕು ಎಂದು ಯಾರೋ ಪುಣ್ಯಾತ್ಮ ಯೋಚಿಸಿ ಅದಕ್ಕೆ ಬೇರೆ ವೈರು ಎಳೆದಿದ್ದ. ಆ ವೈರನ್ನು ಕೆಂಡಪ್ಪ ಹನ್ನೆರಡು ವರ್ಷ, ತಿಂಗಳಿಗೊಮ್ಮೆ, ಕೈಯಲ್ಲಿ ಹಿಡಿದು ಪರೀಕ್ಷೆ ಮಾಡಿದ್ದ. ಮೀನಿಗೆ ಮಾತ್ರ ಅದನ್ನು ಎಳೆದಿರಲಿಲ್ಲ.

"ಮೀನು ನೋಡು," ಎಂದ. ದನಿ ತನ್ನದೇ ಎಂದು ಅವನಿಗೆ ನಂಬಿಕೆಯಾಗಲಿಲ್ಲ. "ನಂಗೆ ಗಾಳಿ ಇದೆ. ನಿಲ್ಲಿಸ್ಬೇಡ ಕಣೆ, ಸುರೀತಾ ಇರು."

ನೆಲದ ಮೇಲೆ ಕುಸಿದು ಕೂತಾಗ ಜೇಬಿನಲ್ಲಿ ಏನೋ ಗರಗರ ಎಂದಿತು. ಮಾವನ ಚೀಟಿ! ಮಾಡುವುದಕ್ಕೆ ಬೇರೆ ಕೆಲಸವಿಲ್ಲದೆ ಬಿಚ್ಚಿದ. ಮುತ್ತಿನಂಥ ಅಕ್ಷರ.

'ಅಳಿಯಂದಿರಿಗೆ. ದಿನಕ್ಕೆ ಒಂದು ಮಗ್ ನೀರು ಹಾಕಿ, ಪಂಪು ಓಡುತ್ತಿರಲಿ. ಬೇರೆ ಏನೂ ಮಾಡಬೇಡಿ. ಹತ್ತು ದಿನ ತಿನ್ನದಿದ್ದರೂ ಅವಕ್ಕೆ ಏನೂ ಆಗುವುದಿಲ್ಲ. ಡಾಕ್ಟರ ಮನೆಗೆ ಕೊಡುತ್ತೇನೆ ಎಂದದ್ದು ನೀವು ನೋಡಿಕೊಳ್ಳುವುದಿಲ್ಲ ಎಂದಲ್ಲ. ಸುಮ್ಮನೆ ಇರಲು ನಿಮ್ಮಿಂದ ಆಗುವುದಿಲ್ಲ ಎಂದು.'

ಕೊನೆಯ ಸಾಲಿನ ಕೆಳಗೆ ಪೆನ್ಸಿಲಿನ ಗೆರೆ ಬೇರೆ! ಕೆಂಡಪ್ಪನಿಗೆ ಮೈಯೆಲ್ಲ ಉರಿಯಿತು. ಆದರೆ ಉರಿದು ಯಾರ ಮೇಲೆ ಎರಗುವುದು? ಒಳಗೆ ಅವನೊಬ್ಬನೇ ಇದ್ದ.

ಕಂಪನಿಯ ಇನ್ನೊಬ್ಬ ಮೆಕ್ಯಾನಿಕ್ ನಗು ತಡೆಯಲಾರದೆ ಬಂದು ಬಿಡಿಸಿದ ಮೇಲೆ ಅವನು ಮೆಟ್ಟಿಲು ಹಾರಿ ಹಾರಿ ಏರಿದ. ಹೆಂಡತಿ ತಲೆಯಿಂದ ಕಾಲಿನವರೆಗೆ ತೊಯ್ದು, ಇನ್ನೂ ನೀರು ಸುರಿಯುತ್ತಿದ್ದಳು. ಹೆಡ್ ಮೇಡಂ ನೀರಿನ ಮೇಲ್ಗಡೆ ಓರೆಯಾಗಿ ತೇಲುತ್ತಿತ್ತು. ಕೆಂಡಪ್ಪ ಪೆಟ್ಟಿಗೆ ಬಿಚ್ಚಿ, ಪಂಪಿನ ವೈರಿಗೆ ಹೊಸ ಪ್ಲಗ್ಗು ಹಾಕಿ ಗೋಡೆಗೆ ಸಿಕ್ಕಿಸಿದ. ಗುಳ್ಳೆಗಳೆದ್ದವು. ಗಂಡ ಹೆಂಡತಿ ಒದ್ದೆ ನೆಲದ ಮೇಲೆ ಕೂತು ಕಾದರು. ಕಾಲು ಗಂಟೆಯ ಮೇಲೆ ಹೆಡ್ ಮೇಡಂ ನೆಟ್ಟಗಾಗಿ, ನಿಧಾನಕ್ಕೆ ಗಾಜಿನ ಹತ್ತಿರ ಬಂದು, ಅವನತ್ತ ನೋಡಿ ಬಾಯಿ ಬಿಟ್ಟಿತು. ಬೈದಿರಬೇಕು. ಅವನು ಬೈಸಿಕೊಂಡ.

ಹತ್ತು ದಿನ ಕಳೆದು ಮಾವ ಬಂದರು. ಮೊದಲು ಮೀನು ಎಣಿಸಿದರು. ಏಳು. ಮುಚ್ಚಳ ಎತ್ತಿದರು. ಬೆಲ್ಲು ಹೊಡೆಯಲಿಲ್ಲ. ಪೆಟ್ಟಿಗೆ ಇದ್ದ ಜಾಗ ಖಾಲಿಯಿತ್ತು. ಅವರು ಮುಚ್ಚಳ ಮುಚ್ಚಿ ಕೈ ಒರೆಸಿಕೊಂಡರು. ಕೆಂಡಪ್ಪ ಗೆದ್ದೆ ಎಂದುಕೊಂಡು ಕಾಫಿ ಲೋಟವನ್ನು ಮೆತ್ತಗೆ ಕೆಳಗಿಟ್ಟ.

ಮಾವ ಕುರ್ಚಿ ಎಳೆದುಕೊಂಡು, ಹತ್ತು ದಿನದ ಪತ್ರಿಕೆಗಳ ಕಟ್ಟು ಬಿಚ್ಚಿದರು. ಕನ್ನಡಕ ಏರಿಸಿ, ಹೆಡ್ ಮೇಡಂಗೆ ಕೇಳುವ ಹಾಗೆ ಗಟ್ಟಿಯಾಗಿ ಓದಿದರು: "ಲಿಫ್ಟಿನಲ್ಲಿ ಸಿಕ್ಕಿಕೊಂಡ ಲಿಫ್ಟ್ ಮೆಕ್ಯಾನಿಕ್. ತಾನೇ ದುರಸ್ತಿ ಮಾಡಿದ್ದ ಲಿಫ್ಟಿನಲ್ಲಿ ಒಂದು ಗಂಟೆ ಕಾಲ..."

ಒಳಗಿನಿಂದ ಹೆಂಡತಿ ಕಿಸಕ್ಕೆಂದಳು. ಕೆಂಡಪ್ಪನ ಕಿವಿಯ ತುದಿ ಮತ್ತೆ ಕೆಂಪಾಯಿತು. ಬಾಯಿ ತೆರೆದ, ಗುಳ್ಳೆಗಳನ್ನು ನೋಡಿದ, ಮುಚ್ಚಿದ.

ಮಾವ ಕಿವಿಯ ಸಂದಿನಿಂದ ಪೆನ್ಸಿಲ್ ತೆಗೆದು ಅವನತ್ತ ತಿರುಗಿದರು.

"ಒಂದು ಗಂಟೆ ಅಂತ ಹಾಕಿದಾರಲ್ಲ ಅಳಿಯಂದ್ರೆ, ಸರಿಯಾಗಿದೆಯಾ?"

ಕೆಂಡಪ್ಪ ತಲೆ ತಗ್ಗಿಸಿದ.

"ಇಲ್ಲ ಮಾವ. ಒಂದು ಗಂಟೆ ನಲವತ್ತು ನಿಮಿಷ."

"ನೋಡಿದ್ಯೇನಮ್ಮ," ಎಂದು ಮಾವ ಹೆಡ್ ಮೇಡಂಗೆ ಹೇಳಿ, ತಪ್ಪು ತಿದ್ದಿದರು.