ಗೇರಿಲ್ಲದ ಕಾರು, ತಾಳ್ಮೆಯಿಲ್ಲದ ನಾನು

ಗೇರಿಲ್ಲದ ಕಾರುಗಳು ನಮ್ಮ ಕಡೆ ಕಾಲಿಟ್ಟ ಮೇಲೆ ನನಗೆ ಸಿಟ್ಟು ಬರದ ದಿನ ಅಂತ ಒಂದೂ ಹೋಗಿಲ್ಲ. ಹೊನ್ನಾವರದ ಹೆದ್ದಾರಿ ಬದಿಗೆ ನನ್ನ ಗ್ಯಾರೇಜು. ಕಾರು ಕೆಟ್ಟರೆ ನನಗೆ ಸಿಟ್ಟಿಲ್ಲ. ಕಬ್ಬಿಣ ಅಂದ ಮೇಲೆ ಕೆಡುತ್ತದೆ. ಸಿಟ್ಟು ಬರುವುದು ಅದನ್ನು ಕೆಡಿಸಿಕೊಂಡು ಬಂದು, ನನಗೇ ಪಾಠ ಹೇಳುವವರನ್ನು ಕಂಡರೆ. "ಸ್ವಲ್ಪ ಮೆತ್ತಗೆ ಮಾತಾಡಿ, ಗಿರಾಕಿ ಓಡಿಹೋಗ್ತಾರೆ" ಅನ್ನುತ್ತಾಳೆ ಹೆಂಡತಿ. ಓಡಿಹೋಗಲಿ ಅಂತಲೇ ನಾನು ಕಿರುಚುವುದು. ಅವರು ಹೋಗುವುದಿಲ್ಲ.

ಮೂರನೇ ಗೇರು

ಶಾಲೆಯಲ್ಲಿ ನನಗೆ ಗಣಿತ ಕಲಿಸಿದ ಮಾಸ್ತರು ಒಂದು ಬೆಳಿಗ್ಗೆ ಹೊಸ ಕಾರು ತಂದರು. ಇಳಿಯುವಾಗಲೇ ಮುಖ ಕೆಂಪು.

"ತಮಾ, ನಂಗೆ ಮೋಸ ಆಗದೆ. ಎಕ್ಸಲೇಟರ್ ತುಳಿದ್ರೆ ಇಂಜಿನ್ನು ಬೊಬ್ಬೆ ಹೊಡೀತದೆ, ಗಾಡಿ ಮಾತ್ರ ನಿಧಾನಕ್ಕೆ ಓಡ್ತದೆ. ಗೇರೇ ಬೀಳ್ತಿಲ್ಲ."

"ಸರ್, ಇದಕ್ಕೆ ಬೀಳುವ ಗೇರು ಅಂತ ಇಲ್ಲ" ಅಂದೆ.

"ಗೇರಿಲ್ಲದೆ ಕಾರು ಹೆಂಗೆ ಹೋಗ್ತದೆ? ತಲೆ ಸರಿ ಅದೆಯಾ?"

ಪಕ್ಕದ ಚಾದಂಗಡಿಯಿಂದ ನಾಲ್ಕು ಸಾಸರ್ ತರಿಸಿದೆ. ಎರಡನ್ನು ಬೆನ್ನಿಗೆ ಬೆನ್ನು ಕೊಟ್ಟು ಹಿಡಿದೆ. ನಡುವೆ ಬಾವಿಯ ರಾಟೆಯಲ್ಲಿರುವಂತೆ ಒಂದು ಹಳ್ಳ. ಉಳಿದೆರಡನ್ನು ಅದೇ ರೀತಿ ಮಾಸ್ತರ ಕೈಗೆ ಕೊಟ್ಟೆ. ಎರಡು ಜೋಡಿಗೂ ಸೇರಿಸಿ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದೆ.

"ಇದು ಇಂಜಿನ್ ಕಡೆ ಪುಲ್ಲಿ, ನಿಮ್ಮ ಕೈಲಿರೂದು ಚಕ್ರದ ಕಡೆ ಪುಲ್ಲಿ. ಈ ಪಟ್ಟಿ ಇದ್ದಲ್ಲಿ ಕಾರಿನಲ್ಲಿ ಉಕ್ಕಿನ ಬೆಲ್ಟ್ ಇರ್ತದೆ. ಒಂದು ಜೋಡಿಯ ಎರಡು ಸಾಸರ್ ದೂರ ಸರಿದ್ರೆ ಬೆಲ್ಟ್ ಹಳ್ಳಕ್ಕಿಳಿದು ಸಣ್ಣ ಸುತ್ತು ಹಾಕ್ತದೆ. ಹತ್ತಿರ ಬಂದ್ರೆ ಮೇಲಕ್ಕೇರಿ ದೊಡ್ಡ ಸುತ್ತು ಹಾಕ್ತದೆ. ಹೊರಡುವಾಗ ನನ್ನದು ಸಣ್ಣ, ನಿಮ್ಮದು ದೊಡ್ಡ. ಆಗ ಎಳೆಯುವ ಶಕ್ತಿ ಜಾಸ್ತಿ. ವೇಗ ಬಂದ ಹಾಗೆ ನನ್ನದು ದೊಡ್ಡದಾಗ್ತದೆ, ನಿಮ್ಮದು ಸಣ್ಣದಾಗ್ತದೆ. ಒಂದನೇದು, ಎರಡನೇದು ಅಂತ ಮೆಟ್ಟಿಲಿಲ್ಲ ಸರ್. ಜಾರುಬಂಡೆ ಇದ್ದ ಹಾಗೆ. ಅದಕ್ಕೇ ಇಂಜಿನ್ನು ಮೊದಲು ಕೂಗ್ತದೆ, ವೇಗ ಆಮೇಲೆ ಬರ್ತದೆ."

ಅರ್ಧ ಗಂಟೆ ಹೇಳಿದೆ. ಎರಡು ಸಾಸರ್ ಒಡೆದವು. ಮಾಸ್ತರು ಕಣ್ಣು ಮುಚ್ಚಿ ಯೋಚಿಸಿದರು, ತಲೆ ಆಡಿಸಿದರು.

"ಚೊಲೋ ಹೇಳಿದೆ. ಪೂರ್ತಿ ಅರ್ಥ ಆತು."

ನನ್ನ ಸಿಟ್ಟೆಲ್ಲ ಇಳಿಯಿತು. ಮಾಸ್ತರು ಕಾರು ಹತ್ತಿ ಕೂತು, ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದರು.

"ಅದೆಲ್ಲ ಸರಿ. ಮೂರನೇ ಗೇರು ಎಲ್ಲಿ?"

ಏರಿನ ಮೇಲಿನ ಮಾತು

ಭಟ್ಕಳದ ಬಟ್ಟೆ ಅಂಗಡಿಯ ಸಾಹೇಬರೊಬ್ಬರು ಫೋನ್ ಮಾಡಿದರು. ಕಾರಿನೊಳಗೆ ಸುಟ್ಟ ವಾಸನೆಯಂತೆ. ಅತ್ತರು ಹಾಕಿದ್ದಾರಂತೆ, ಹೋಗಲಿಲ್ಲವಂತೆ. ಸುಟ್ಟ ವಾಸನೆಗೆ ಅತ್ತರು! ಬೈಯುತ್ತಲೇ ಬಸ್ಸು ಹತ್ತಿ ಹೋದೆ.

"ನೀವು ಹೇಗೆ ಓಡಿಸ್ತೀರಿ, ನೋಡ್ಬೇಕು" ಅಂತ ಪಕ್ಕದಲ್ಲಿ ಕೂತೆ. ಅವರ ಮನೆಗೆ ಹೋಗುವ ದಾರಿ ಕಡಿದಾದ ಏರು. ಅರ್ಧ ಏರಿದ್ದೆವು, ಎದುರಿಗೆ ಅವರ ಗೆಳೆಯರೊಬ್ಬರು ಕಂಡರು. ಸಾಹೇಬರು ಗಾಜು ಇಳಿಸಿದರು. ಸಲಾಂ ಆಯಿತು, ಮನೆಯವರ ಆರೋಗ್ಯ ಆಯಿತು, ಯಾರದೋ ನಿಕಾಹ್ ಮಾತು ಶುರುವಾಯಿತು. ಕಾರು ಏರಿನ ಮಧ್ಯ ಹಿಂದೂ ಹೋಗದೆ ಮುಂದೂ ಹೋಗದೆ ನಿಂತಿದೆ. ಕೆಳಗೆ ನೋಡಿದೆ. ಬ್ರೇಕಿನ ಮೇಲೆ ಕಾಲಿಲ್ಲ! ಎಕ್ಸಲೇಟರನ್ನು ಅರ್ಧ ತುಳಿದು, ಅದರ ಬಲದ ಮೇಲೆ ಕಾರು ನಿಲ್ಲಿಸಿದ್ದಾರೆ.

"ಬ್ರೇಕ್ ತುಳೀರಿ!" ಅಂತ ಕೂಗಿದೆ.

"ಅರೇ ಭಾಯಿ, ಸುಮ್ನೆ ಬ್ರೇಕ್ ಸವೀತದೆ. ನಾನು ಉಳಿಸ್ತಾ ಇದ್ದೇನೆ."

"ಬ್ರೇಕ್ ಉಳಿಸ್ಲಿಕ್ಕೆ ಹೋಗಿ ಗೇರ್‌ಬಾಕ್ಸ್ ಬೇಯಿಸ್ತಾ ಇದ್ದೀರಿ! ಒಳಗೆ ಎಣ್ಣೆ ಕುದೀತಾ ಅದೆ. ಅದೇ ವಾಸನೆ!"

ಸಾಹೇಬರು ತಟ್ಟನೆ ಬ್ರೇಕ್ ಒತ್ತಿದರು. ಆಮೇಲೆ ಗೆಳೆಯನನ್ನು ತೋರಿಸಿ ಹೇಳಿದರು.

"ಹಾಗಾದ್ರೆ ತಪ್ಪು ನನ್ನದಲ್ಲ, ಇವನದು. ಯಾವಾಗಲೂ ಏರಿನಲ್ಲೇ ಸಿಗ್ತಾನೆ."

ಎಣ್ಣೆ ಎಣ್ಣೆಯೇ

ಈ ಗೇರ್‌ಬಾಕ್ಸಿಗೆ ಅದರದ್ದೇ ಎಣ್ಣೆ ಬೇಕು. ಬೆಲ್ಟು ಜಾರದ ಹಾಗೆ ಹಿಡಿದುಕೊಳ್ಳಬೇಕು, ಸವೆಯಲೂ ಬಾರದು. ಅಷ್ಟು ನಾಜೂಕಿನ ಎಣ್ಣೆ ಅದು. ಗೇರುಸೊಪ್ಪ ಕಡೆಯ ಭಟ್ಟರೊಬ್ಬರು ಮನೆಯಲ್ಲಿದ್ದ ಟಿಲ್ಲರಿನ ಗೇರ್ ಎಣ್ಣೆಯನ್ನು ತಾವೇ ಸುರಿದುಕೊಂಡು ಬಂದರು. ಕಾರು ನಡುಗುತ್ತಾ, ಕೂಗುತ್ತಾ ಬಂದು ನನ್ನ ಬಾಗಿಲಲ್ಲಿ ನಿಂತಿತು.

"ಎಂತ ಹಾಕಿದ್ರಿ?"

"ಎಣ್ಣೆ ಮಾರಾಯಾ. ಎಣ್ಣೆ ಎಲ್ಲಾ ಒಂದೇ ಅಲ್ದಾ?"

ನನ್ನ ನೆತ್ತಿಗೆ ಬೆಂಕಿ ಬಿತ್ತು. "ಎಲ್ಲಾ ಒಂದೇ ಆದ್ರೆ ನಾಳೆ ಸೀಮೆಎಣ್ಣೆ ಹಾಕಿ ಮೀನು ಹುರೀರಿ ನೋಡುವ!" ಅಂತ ಊರಿಗೇ ಕೇಳುವ ಹಾಗೆ ಕಿರುಚಿದೆ.

ಭಟ್ಟರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಯಂಗ ಮೀನು ತಿಂಬವಲ್ಲ ಮಾರಾಯಾ."

ಎಲ್ ಅಂದರೆ

ಘಟ್ಟದ ಮೇಲೆ ಒಂದು ಗಾಡಿ ರಿಪೇರಿ ಮುಗಿಸಿ ಗೇರುಸೊಪ್ಪ ಘಾಟಿಯಲ್ಲಿ ಬೈಕಿನಲ್ಲಿ ಇಳಿಯುತ್ತಿದ್ದೆ. ಮುಂದೆ ಒಂದು ಕಾರು. ಹಿಂದಿನ ಕೆಂಪು ದೀಪ ಆರಿದ್ದೇ ಇಲ್ಲ. ಚಕ್ರದಿಂದ ಹೊಗೆ. ಹಾರನ್ ಹೊಡೆದು ಹೊಡೆದು, ಮುಂದೆ ಹೋಗಿ ಕೈ ಅಡ್ಡ ಹಿಡಿದು ನಿಲ್ಲಿಸಿದೆ. ಪುಣ್ಯಕ್ಕೆ ಅಲ್ಲೊಂದಿಷ್ಟು ಜಾಗ ಸಪಾಟಾಗಿತ್ತು. ಹಿಂದಿನ ಸೀಟಿನಲ್ಲಿ ಎರಡು ಸಣ್ಣ ಮಕ್ಕಳು ಚಕ್ಕುಲಿ ತಿನ್ನುತ್ತಾ ಕೂತಿವೆ.

ಓಡಿಸುತ್ತಿದ್ದ ಮನುಷ್ಯ ಇಳಿದು "ಎಂತ ಆತು?" ಅಂದ.

"ಎಂತ ಆತಾ? ಇನ್ನು ನಾಲ್ಕು ತಿರುವು ಇಳಿದಿದ್ರೆ ನಿಮ್ಗೆ ಬ್ರೇಕೇ ಇರ್ತಿರಲಿಲ್ಲ! ಘಾಟಿ ಇಳಿಯುವಾಗ ಸೀಟಿನ ಪಕ್ಕದ ಹಿಡಿ ಎಲ್‌ಗೆ ಹಾಕ್ಬೇಕು. ಆಗ ಒಳಗಿನ ಪುಲ್ಲಿ ಕೆಳಗಿನ ಗೇರಿನ ಹಾಗೆ ನಿಂತು, ಇಂಜಿನ್ನೇ ಗಾಡಿ ಹಿಡ್ಕೊಳ್ತದೆ. ಬರೀ ಬ್ರೇಕಿನ ಮೇಲೆ ಇಳೀತೀರಲ್ಲ, ಮಕ್ಕಳ ಮುಖ ನೋಡಿದ್ರಾ?"

ಅವನ ಮುಖ ಬಿಳುಚಿತು. ಮುಂದಿನ ಸೀಟಿನಲ್ಲಿದ್ದ ಅವನ ಹೆಂಡತಿ ಇಳಿದು, ಮಕ್ಕಳನ್ನು ಇಳಿಸಿ ಎದೆಗೆ ಒತ್ತಿಕೊಂಡಳು. ನಾನು ಕಿರುಚುವುದನ್ನು ನಿಲ್ಲಿಸಿದೆ. ಮುಕ್ಕಾಲು ಗಂಟೆ ಬ್ರೇಕು ತಣಿಯಲು ಬಿಟ್ಟು, ನಾನೇ ಸ್ಟೇರಿಂಗ್ ಹಿಡಿದು ಎಲ್‌ಗೆ ಹಾಕಿ ಕೆಳಗೆ ತಂದುಕೊಟ್ಟೆ. ಅಲ್ಲೇ ಬಿಟ್ಟ ನನ್ನ ಬೈಕ್ ತರಲು ಆಮೇಲೆ ಇನ್ನೊಮ್ಮೆ ಘಾಟಿ ಹತ್ತಿದೆ.

ಬೀಳ್ಕೊಡುವಾಗ ಕೇಳಿದೆ. "ಅಲ್ಲ, ಆ ಹಿಡಿ ಹತ್ರ ಎಲ್ ಅಂತ ದೊಡ್ಡದಾಗಿ ಬರೆದದೆ. ಒಂದು ದಿನವೂ ಹಾಕಿ ನೋಡ್ಲಿಲ್ವಾ?"

ಅವನು ನಾಚಿಕೊಂಡು ಹೇಳಿದ. "ನಂಗೆ ಲೈಸೆನ್ಸ್ ಸಿಕ್ಕಿ ಹದಿನೈದು ವರ್ಷ ಆತು. ಎಲ್ ಅಂದ್ರೆ ಕಲಿಯುವವರಿಗೆ ಅಂತ ಮಾಡಿದ್ದೆ."

ಕಳೆದುಹೋದ ಪೆಡಲು

ಅಘನಾಶಿನಿ ಊರಿನಲ್ಲಿ ಬಳಚಿನ, ಅಂದರೆ ಚಿಪ್ಪುಮೀನಿನ, ವ್ಯಾಪಾರ ಮಾಡುವ ಅಕ್ಕ ಒಬ್ಬಳಿದ್ದಾಳೆ. ವರ್ಷಗಟ್ಟಲೆ ಹೊಳೆಯ ನೀರಿನಲ್ಲಿ ನಿಂತು ಬಳಚು ಆರಿಸಿ ಅವಳ ಎಡಮೊಣಕಾಲು ಹೋಗಿದೆ. ಕ್ಲಚ್ ತುಳಿಯಲು ಆಗುವುದಿಲ್ಲ ಅಂತಲೇ ಗೇರಿಲ್ಲದ ಹಳೆಯ ಕಾರು ಹುಡುಕಿ ಕೊಂಡಳು. ನಾನು ಕಂಡವರಲ್ಲಿ ಅಂಥ ಕಾರನ್ನು ಸರಿಯಾಗಿ ಓಡಿಸುವವಳು ಅವಳೊಬ್ಬಳೇ.

ಒಂದು ದಿನ ನನ್ನಲ್ಲಿಗೆ ಬಂದಳು. ಹೊರಡುವಾಗ ಕಾರು ಜಗ್ಗುತ್ತದೆ ಅಂತ ಕುಮಟಾದ ಒಂದು ಗ್ಯಾರೇಜಿಗೆ ಕೊಟ್ಟಿದ್ದಳಂತೆ. ರಿಪೇರಿ ಆಗಿದೆ ಅಂತ ಕೊಟ್ಟರಂತೆ. ಮತ್ತೆ ಅದೇ ಜಗ್ಗು.

"ಆ ಗ್ಯಾರೇಜಿನವನು ಎಂತ ಮಾಡ್ದೆ ಅಂದ?" ಕೇಳಿದೆ.

"ಕ್ಲಚ್ ಕೇಬಲ್ ಹರಿದಿತ್ತು, ಹೊಸತು ಹಾಕಿದೆ ಅಂದ."

ನಾನು ಸ್ಪ್ಯಾನರ್ ನೆಲಕ್ಕೆ ಒಗೆದೆ. ಕ್ಲಚ್ ಪೆಡಲೇ ಇಲ್ಲದ ಕಾರಿಗೆ ಕ್ಲಚ್ ಕೇಬಲ್! ಎಣ್ಣೆ ಹಳತಾಗಿತ್ತು, ಆದದ್ದು ಅಷ್ಟೆ. ಬದಲಿಸಿದೆ, ಜಗ್ಗು ನಿಂತಿತು. "ನಡಿ ಅಕ್ಕಾ, ಅವನ ಗ್ಯಾರೇಜಿಗೆ. ಇವತ್ತು ಅವನಿಗೆ ಜನ್ಮದಲ್ಲಿ ಕೇಳದ್ದು ಕೇಳಿಸ್ತೆ" ಅಂತ ಅಂಗಿಯ ತೋಳು ಮಡಚಿದೆ.

"ನೀನು ಬಾ. ಆದ್ರೆ ಬಾಯಿ ಮುಚ್ಕಂಡು ಹಿಂದೆ ಕೂತ್ಕ" ಅಂದಳು.

ಕುಮಟಾದ ಆ ಮೆಕ್ಯಾನಿಕ್ ನನಗಿಂತ ಹಿರಿಯ. ದೊಡ್ಡ ಮೀಸೆ. ಅಕ್ಕ ನಗುನಗುತ್ತಾ ಕೇಳಿದಳು. "ತಮಾ, ಕ್ಲಚ್ ಸ್ವಲ್ಪ ಬಿಗಿ ಅದೆ. ಕೂತು ತುಳಿದು ನೋಡ್ತ್ಯಾ?"

ಅವನು ಗತ್ತಿನಿಂದ ಕೂತ. ಎಡಗಾಲು ಚಾಚಿದ. ಕಾಲು ಅತ್ತ ಹೋಯಿತು, ಇತ್ತ ಬಂತು, ಮ್ಯಾಟಿನ ಅಡಿಗೂ ಹೋಯಿತು. ಮೀಸೆಯ ಮೇಲೆ ಬೆವರು. ಒಂದು ನಿಮಿಷ ಬಿಟ್ಟು ಹೇಳಿದ.

"ಅಕ್ಕಾ, ಪೆಡಲು ಎಲ್ಲೋ ಬಿದ್ದುಹೋಗದೆ ಕಾಣ್ತದೆ."

ನಾನು ಬಾಯಿ ತೆರೆದೆ. ಹೊರಗೆ ನಿಂತಿದ್ದ ಅಕ್ಕ ಕಿಟಕಿಯಿಂದ ನನ್ನನ್ನು ದುರುಗುಟ್ಟಿ ನೋಡಿದಳು. ಮುಚ್ಚಿದೆ.

"ಹೌದನಾ? ನಿನ್ನ ಗ್ಯಾರೇಜಿಂದ ಅಘನಾಶಿನಿಗೆ ಹೋಗುವಾಗ ಬಿದ್ದಿರ್ಬೇಕು. ಕೇಬಲ್ ನೀನೇ ಹಾಕಿದ್ದಲ್ಲಾ, ಪೆಡಲು ನಿಂಗೇ ಗುರ್ತು ಸಿಗ್ತದೆ. ನಡಿ, ಹುಡುಕುವ" ಅಂದಳು.

ಅವನಿಗೆ ಇಲ್ಲ ಅನ್ನಲು ದಾರಿಯೇ ಉಳಿಯಲಿಲ್ಲ. ಅಂಗಡಿಯವರೆಲ್ಲ ಹೊರಗೆ ಬಂದು ನೋಡುತ್ತಿದ್ದರು. ಅಕ್ಕ ಅವನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹೊರಟಳು. ಪ್ರತಿ ತಿರುವಿನಲ್ಲೂ ಕಾರು ನಿಲ್ಲಿಸುವುದು, "ಇಲ್ಲಿ ನೋಡು ತಮಾ, ಇಲ್ಲಿ ಜೋರಾಗಿ ತಿರುಗಿಸಿದ್ದೆ" ಅನ್ನುವುದು. ಉರಿಬಿಸಿಲಿನಲ್ಲಿ ಮೀಸೆಯವನು ಇಳಿದು ಗಟಾರ ಇಣುಕುವುದು. ದಾರಿಯವರು "ಎಂತ ಹುಡುಕೂದು?" ಅಂದರೆ ಅಕ್ಕ ಕಿಟಕಿಯಿಂದ ಕೂಗಿ ಹೇಳುವುದು, "ನಮ್ಮ ಗಾಡಿ ಕ್ಲಚ್ಚು ಬಿದ್ದದೆ!" ನಾಲ್ಕು ಜನ ಅವನ ಜೊತೆ ಸೇರಿ ಹುಡುಕಲು ನಿಂತರು.

ಆರನೆಯ ತಿರುವಿನಲ್ಲಿ ಅವನು ಪೊದೆಯ ಸಂದಿಯಿಂದ ಓಡೋಡಿ ಬಂದ. ಅಂಗಿ ಒದ್ದೆ, ಮೀಸೆಯಲ್ಲಿ ಕಸ.

"ಅಕ್ಕಾ, ಸಿಕ್ತು!"

ಕೈಯಲ್ಲಿ ತುಕ್ಕು ಹಿಡಿದ ಸೈಕಲ್ ಪೆಡಲು.

ಅಕ್ಕ ಅದನ್ನು ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಕಿಟಕಿಯಿಂದಲೇ ಅವನ ಕೈಗೆ ವಾಪಸು ಕೊಟ್ಟಳು.

"ಇದು ಬಲಗಾಲಿಂದು ತಮಾ. ಕ್ಲಚ್ಚು ಎಡಗಾಲಿಗೆ. ಹೋಗು, ಸರಿ ಹುಡುಕು."