‘ಬತ್ತೀನಿ’ ಅಂದ ಕಾರು

ಚನ್ನರಾಯಪಟ್ಟಣದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋದರೆ ಮೂರು ರೂಪಾಯಿ ಚಿಲ್ಲರೆ. ಕಾರಿನಲ್ಲಿ ಹೋಗಿ ಬಂದರೆ ಎಪ್ಪತ್ತೈದು. ಧರಣೇಂದ್ರಯ್ಯನ ಲಾಡ್ಜಿನಲ್ಲಿ ಒಂದು ರೂಮಿಗೆ ದಿನಕ್ಕೆ ಎರಡು ರೂಪಾಯಿ, ಬಿಸಿನೀರು ಬೇಕಾದರೆ ಮೇಲೆ ನಾಲ್ಕಾಣೆ. ಈ ಲೆಕ್ಕದಲ್ಲಿ ಒಬ್ಬ ಅತಿಥಿಯನ್ನು ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಕರೆತಂದರೆ, ಆ ಕಾರಿನ ದುಡ್ಡು ಹುಟ್ಟಬೇಕಾದರೆ ಅತಿಥಿ ಒಂದು ತಿಂಗಳಿಗೂ ಮೇಲೆ ಲಾಡ್ಜಿನಲ್ಲೇ ಬಿದ್ದಿರಬೇಕು, ಅದೂ ದಿನಾ ಬಿಸಿನೀರಿನ ಸ್ನಾನ ಮಾಡುತ್ತ.

ಆದರೂ ಧರಣೇಂದ್ರಯ್ಯ ಕಾರು ಗೊತ್ತುಮಾಡಲೇಬೇಕಾಗಿತ್ತು. ಬರುತ್ತಿದ್ದವರು ಪಾಯಪ್ಪ ಚೌಗುಲೆ. ಬೆಳಗಾವಿ ಕಡೆಯ ಜೈನರು, ಬೊಂಬಾಯಿಯಲ್ಲಿ ಯಾತ್ರೆ ಕಂಪನಿ ಇಟ್ಟಿದ್ದರು. ಬೆಳಗೊಳದ ಬೆಟ್ಟಕ್ಕೆ ಬರುವ ತಮ್ಮ ಯಾತ್ರಿಕರನ್ನು ಇಳಿಸಲು ಒಂದು ಜಾಗ ಹುಡುಕುತ್ತಿದ್ದರು. ಅವರಿಗೆ ಲಾಡ್ಜು ಒಪ್ಪಿಗೆಯಾದರೆ ಮಾಗಿಯಿಂದ ಯುಗಾದಿಯವರೆಗೆ ನಾಲ್ಕು ರೂಮಿಗೂ ಕೆಲಸ.

ಆ ನಾಲ್ಕು ರೂಮುಗಳನ್ನು ಧರಣೇಂದ್ರಯ್ಯ ಕಟ್ಟಿಸಿದ್ದು ಹೆಂಡತಿ ಅನಂತಮತಿಗೆ ತವರಿಂದ ಬಂದಿದ್ದ ತೆಂಗಿನ ತೋಟ ಮಾರಿ. ಬೆಳಗೊಳಕ್ಕೆ ಹೋಗುವ ಜನವೆಲ್ಲ ಪಟ್ಟಣದಲ್ಲಿ ಬಸ್ಸು ಬದಲಾಯಿಸಲೇಬೇಕಲ್ಲ, ಇಳಿದವರು ಒಂದು ರಾತ್ರಿ ಮಲಗುವುದಿಲ್ಲವೇ ಎಂದು ಅವನು ಎಣಿಸಿದ್ದ. ಮಲಗಲಿಲ್ಲ. ಛತ್ರದಲ್ಲಿ ಪುಕ್ಕಟೆ ಜಾಗ ಸಿಗುವಾಗ ಯಾರು ಮಲಗುತ್ತಾರೆ? ಈ ಚಳಿಗಾಲವೂ ರೂಮು ತುಂಬದಿದ್ದರೆ ಅವನು ಭಾವಮೈದನ ಮಂಡಿಗೆ ಕೊಬ್ಬರಿ ತೂಗಲು ಹೋಗಬೇಕು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಭಾವಮೈದ ತಕ್ಕಡಿಯನ್ನು ಒರೆಸಿ ಇಟ್ಟುಕೊಂಡೂ ಇದ್ದ.

ಹಿಂದಿನ ದಿನ ಸಂಜೆ ಟ್ಯಾಕ್ಸಿ ಪುಟ್ಟರಾಜುವನ್ನು ಕರೆಸಿ, ಜಗಲಿಯ ಮೇಲೆ ಕೂರಿಸಿ, ಕಾಫಿ ಕೊಟ್ಟು ಧರಣೇಂದ್ರಯ್ಯ ವ್ಯಾಪಾರಕ್ಕಿಳಿದ.

“ಎಪ್ಪತ್ತೈದು ಸಾ,” ಅಂದ ಪುಟ್ಟರಾಜು.

“ಐವತ್ತು.”

“ಪೆಟ್ರೋಲ್ ಏನು ನಮ್ ಬಾವೀಲಿ ಸೇದ್ತೀನಾ ಸಾ?”

“ಐವತ್ತೈದು. ಮೇಲೆ ಊಟ. ದೊಡ್ಡ ಮನುಷ್ಯರು ಕಣಪ್ಪ, ನಿನ್ನ ಕಾರಿನ ಹೆಸರು ಬೊಂಬಾಯಿವರೆಗೆ ಹೋಗುತ್ತೆ.”

“ಎಸ್ರು ಓಗಿ ಏನ್ಮಾಡ್ಲಿ ಸಾ, ಕಾರೇ ಹಿರೀಸಾವೆ ದಾಟಾಕೆ ಒದ್ದಾಡ್ತದೆ.”

“ಅರವತ್ತು. ಇನ್ನು ಮಾತಿಲ್ಲ. ಬೆಳಗಿನ ಜಾವವೇ ಬಂದುಬಿಡಬೇಕು.”

ಪುಟ್ಟರಾಜು ಲೋಟ ಕೆಳಗಿಟ್ಟ. ಬಾಯಿ ಒರೆಸಿಕೊಂಡ. ಟವಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡು, “ಆಯ್ತು, ಬತ್ತೀನಿ ಸಾ,” ಎಂದು ಎದ್ದುಹೋದ.

ಧರಣೇಂದ್ರಯ್ಯ ಒಳಗೆ ಬಂದು ಮೀಸೆಯಲ್ಲೇ ನಕ್ಕ. “ಅರವತ್ತಕ್ಕೆ ಒಪ್ಪಿಬಿಟ್ಟ, ಅನಂತೂ. ಬರ್ತೀನಿ ಅಂದ.”

ಬೆಳಗಾಯಿತು. ಧರಣೇಂದ್ರಯ್ಯ ಮದುವೆಗೆ ಹೊಲಿಸಿದ್ದ ಕೋಟು ತೊಟ್ಟು ಜಗಲಿಯ ಮೇಲೆ ನಿಂತ. ಕೋಟಿನ ಗುಂಡಿಗಳು ಈಗಿನ ಹೊಟ್ಟೆಯನ್ನು ಕಂಡು ಹೆದರಿದಂತೆ ದೂರದೂರ ನಿಂತಿದ್ದವು. ಹಾಲಿನವನು ಬಂದ. ಹಾಸನದ ಮೊದಲ ಬಸ್ಸು ಬಂದು ಹೋಯಿತು. ಕಾರಿನ ಸುಳಿವಿಲ್ಲ.

ಎದುರಿನ ಸೈಕಲ್ ಶಾಪಿನ ಗಂಗಾಧರಯ್ಯ ಬಾಗಿಲ ಹಲಗೆ ತೆಗೆಯುತ್ತ ಕೇಳಿದ, “ಏನ್ ಧರಣೇಂದ್ರಯ್ಯನೋರೆ, ಕೋಟು? ಯಾರ್ದು ನಿಶ್ಚಿತಾರ್ಥ?”

“ಪುಟ್ಟರಾಜು ಕಾರು ತರ್ತಾನೆ. ಏರೋಪ್ಲೇನಿಗೆ ಹೋಗಬೇಕು.”

ಹೂವಿನ ಬುಟ್ಟಿ ಹೊತ್ತು ಬರುತ್ತಿದ್ದ ಬೆಟ್ಟಮ್ಮ ಈ ಮಾತು ಕೇಳಿ ನಿಂತಳು. “ಪುಟ್ರಾಜನಾ? ಅವ್ನು ಒಳೇನರಸೀಪುರಕ್ಕೆ ಓದ್ನಲ್ಲಪ್ಪ! ನುಗ್ಗೇಹಳ್ಳಿ ಗಂಡಿನ ದಿಬ್ಬಣ ಓಯ್ತೈತೆ, ಗಂಡುನ್ನ ಕಾರಲ್ಲಿ ಕುಂಡ್ರುಸ್ಕಂಡು ಕತ್ಲಲ್ಲೇ ಓದ. ನಾನೇ ಕಾರಿಗೆ ಊವ ಸುತ್ತಿ ಕಳ್ಸಿದ್ದು.”

“ನಿನ್ನೆ ನನಗೆ ಬರ್ತೀನಿ ಅಂದನಲ್ಲಮ್ಮ!”

“ಯಾವಾಗಂದ?”

“ಹೊರಡುವಾಗ.”

ಬೆಟ್ಟಮ್ಮ ಬುಟ್ಟಿ ಇಳಿಸಿ ಸೊಂಟದ ಮೇಲೆ ಕೈಯಿಟ್ಟಳು. “ಒರಡೋವಾಗ ಬತ್ತೀನಿ ಅಂದ್ರೆ ಓಯ್ತೀನಿ ಅಂತ ಕಣಪ್ಪ! ಓಯ್ತೀನಿ ಅಂತ ಯಾರಾದ್ರೂ ಬಾಯ್ಬಿಟ್ಟು ಅಂದಾರಾ? ಅದು ಸತ್ತೋರು ಆಡೋ ಮಾತು. ಇಷ್ಟು ವಯಸ್ಸಾಗೈತೆ ನಿಂಗೆ, ಕೋಟು ಬ್ಯಾರೆ ಆಕ್ಕಂಡಿದ್ದೀಯ!”

ಗಂಗಾಧರಯ್ಯ ಹಲಗೆ ಹಿಡಿದುಕೊಂಡೇ ನಕ್ಕ. “ನಿನ್ನೆ ನಂಗೂ ಕೇಳಿಸ್ತು. ಐವತ್ತು ಅರವತ್ತು ಅಂದ್ರೆ ಅವನು ಇನ್ನೇನಂತಾನೆ? ‘ಆಯ್ತು’ ಅಂದ್ರೆ ಮಾತು ಮುಗೀತು ಅಂತ, ‘ಬತ್ತೀನಿ’ ಅಂದ್ರೆ ಹೊರಟೆ ಅಂತ. ಇದು ತಿಳೀದೆ ಲಾಡ್ಜ್ ಇಟ್ಟಿದ್ದೀರಲ್ಲ ಸ್ವಾಮಿ!”

ಊರಿನಲ್ಲಿ ಬಾಡಿಗೆಗೆ ಬೇರೆ ಕಾರಿರಲಿಲ್ಲ. ಡಾಕ್ಟರರ ಕಾರು ಡಾಕ್ಟರರನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಕಡೆಗೆ ಗಂಗಾಧರಯ್ಯನೇ ಮುಂದೆ ಬಿದ್ದು, ಟೂರಿಂಗ್ ಟಾಕೀಸಿನ ಪ್ರಚಾರದ ಕಾರನ್ನು ತಂದು ನಿಲ್ಲಿಸಿದ. ಅದರ ತಲೆಯ ಮೇಲೆ ಕಹಳೆಯಂಥ ಲೌಡ್‌ಸ್ಪೀಕರು. ಎರಡು ಮಗ್ಗುಲಿಗೂ ಗದೆ ಎತ್ತಿದ ರಾಕ್ಷಸನ ಬೋರ್ಡು. ಡ್ರೈವರ್ ರುದ್ರಯ್ಯ ಪ್ರಚಾರದ ಕೂಗನ್ನೂ ತಾನೇ ಕೂಗುವವನು, ಮನೆಯಲ್ಲಿ ಉಪ್ಪು ಕೇಳಿದರೂ ಬೀದಿಗೆಲ್ಲ ಕೇಳಿಸುತ್ತಿತ್ತು.

“ನೂರು ರೂಪಾಯಿ,” ಅಂದ ರುದ್ರಯ್ಯ. “ರಾತ್ರಿ ಎರಡನೇ ಆಟಕ್ಕೆ ಟೆಂಟಿಗೆ ಬೇಕು.”

“ಆ ರಾಕ್ಷಸನ್ನಾದರೂ ಬಿಚ್ಚಿಡಪ್ಪ.”

“ಬೋಲ್ಟು ತುಕ್ಕಿಡಿದೈತೆ ಸಾ. ಬಿಚ್ಚೋ ವೊತ್ಗೆ ನಿಮ್ ಇಮಾನ ಬಂದು ವಾಪಸ್ ಓಗಿರ್ತದೆ.”

ಧರಣೇಂದ್ರಯ್ಯ ನೂರಕ್ಕೆ ಒಪ್ಪಿ ಹತ್ತಿ ಕೂತ. ಯಡಿಯೂರು, ಕುಣಿಗಲ್ಲು, ನೆಲಮಂಗಲ, ಎಲ್ಲಿ ನಿಧಾನ ಮಾಡಿದರೂ ಮಕ್ಕಳು ಹಿಂದೆ ಓಡಿಬಂದು ಪಾಂಪ್ಲೆಟ್ ಕೇಳಿದವು. ವಿಮಾನ ನಿಲ್ದಾಣದ ಬಾಗಿಲಲ್ಲಿ ಪೊಲೀಸಿನವನು ರಾಕ್ಷಸನನ್ನು ಒಳಗೆ ಬಿಡಲಿಲ್ಲ. ಧರಣೇಂದ್ರಯ್ಯ ನಡೆದುಕೊಂಡೇ ಹೋದ. ಚೌಗುಲೆಯವರು ಬಿಳಿ ಧೋತರ, ಕರಿ ಟೋಪಿ, ಕೈಯಲ್ಲೊಂದು ಚರ್ಮದ ಪೆಟ್ಟಿಗೆಯೊಡನೆ ಬಹಳ ಹೊತ್ತಿನಿಂದ ಕಾದು ಕೂತಿದ್ದರು.

“ತಡಾ ಆತಲ್ರಿ,” ಅಂದರು. ಕಾರನ್ನು ಕಂಡಮೇಲೆ ಟೋಪಿ ಸರಿಮಾಡಿಕೊಂಡರು. ರಾಕ್ಷಸನ ಪಕ್ಕದ ಬಾಗಿಲನ್ನು ಬಿಟ್ಟು ಸುತ್ತಿಕೊಂಡು ಆ ಕಡೆ ಹೋದರು. ಅಲ್ಲಿಯೂ ರಾಕ್ಷಸನೇ ಇದ್ದ.

ಚನ್ನರಾಯಪಟ್ಟಣ ಸಮೀಪಿಸಿತು. ಊರಿನ ಮೊದಲ ಮನೆ ಕಂಡದ್ದೇ ತಡ, ರುದ್ರಯ್ಯನ ಕೈ ವರ್ಷಗಳ ಅಭ್ಯಾಸದಿಂದ ತಾನಾಗಿ ಮೈಕಿನ ಸ್ವಿಚ್ಚನ್ನು ಒತ್ತಿತು. ಕೂಗಬೇಕೆಂದು ಬಾಯಿ ತೆರೆದವನು, ಹಿಂದೆ ದೊಡ್ಡ ಮನುಷ್ಯರಿರುವುದು ನೆನಪಾಗಿ, ಬಾಯಿ ಮುಚ್ಚಿದ. ಸ್ವಿಚ್ಚನ್ನು ಮುಚ್ಚಲಿಲ್ಲ.

ಸರಿಯಾಗಿ ಆಗಲೇ ಚೌಗುಲೆಯವರು ಕೇಳಿದರು, “ಅಲ್ರಿ, ನಿಮ್ಮ ಲಾಡ್ಜಿಗೆ ಮಂದಿ ಬರ್ತಾರೇನು?”

ಧರಣೇಂದ್ರಯ್ಯ ಗಂಟಲು ಸರಿಮಾಡಿಕೊಂಡ. ಆ ಕೆಮ್ಮು ಬಸ್‌ಸ್ಟ್ಯಾಂಡಿನ ಆಚೆಯವರೆಗೂ ಕೇಳಿಸಿತು. “ಬರೋದೇನು ಸ್ವಾಮಿ! ಯಾವಾಗಲೂ ತುಂಬಿರುತ್ತೆ! ಒಂದು ರೂಮು ಬೇಕಾದರೆ ತಿಂಗಳ ಮುಂಚೆ ಹೇಳಬೇಕು!”

ಬಸ್‌ಸ್ಟ್ಯಾಂಡಿನಲ್ಲಿದ್ದ ಜನವೆಲ್ಲ ತಿರುಗಿ ನೋಡಿದರು. ತೆಂಗಿನಕಾಯಿ ಗಾಡಿಯವನೊಬ್ಬ ಎತ್ತು ನಿಲ್ಲಿಸಿ, “ಧರಣೇಂದ್ರಯ್ಯನೋರೆ, ಓದ್ವಾರ ನಾನ್ ಪುಕ್ಸಟ್ಟೆ ಮಲಗ್ತೀನಿ ಅಂದ್ರೂ ಸದ್ಯ ಒಬ್ಬ ಸಿಕ್ದ ಅಂತ ಕೈ ಮುಗ್ದಿರಲ್ಲ!” ಎಂದು ಕೂಗಿದ. ನಗು ಬೀದಿಯುದ್ದಕ್ಕೂ ಕಾರಿನ ಜೊತೆಯಲ್ಲೇ ಬಂತು.

“ಯಾಕ ನಗ್ತಾರ ಇವರು?”

“ಇವನ ಕಾರು ಕಂಡರೆ ನಗುತ್ತಾರೆ ಸ್ವಾಮಿ, ಸಿನಿಮಾದ್ದಲ್ಲವೇ,” ಅಂದ ಧರಣೇಂದ್ರಯ್ಯ. ಅದೂ ಲೌಡ್‌ಸ್ಪೀಕರಿನಲ್ಲಿ ಬಂದು, ತನ್ನ ದನಿ ತನ್ನ ತಲೆಯ ಮೇಲಿಂದ ಕೇಳಿದಾಗ ಅವನಿಗೆ ಎಲ್ಲ ತಿಳಿಯಿತು. ಚೌಗುಲೆಯವರಿಗೂ ತಿಳಿಯಿತು. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು.

ಲಾಡ್ಜಿನ ನಾಲ್ಕು ರೂಮಿಗೂ ಬೀಗ. ಹಿತ್ತಲಲ್ಲಿ ಒಣಹಾಕಿದ ಒಂದು ಪಂಚೆಯೂ ಇಲ್ಲ. “ಎಲ್ಲ ಬೆಟ್ಟಕ್ಕೆ ಹೋಗಿದ್ದಾರೆ,” ಅಂದ ಧರಣೇಂದ್ರಯ್ಯ. ಸುಳ್ಳು ಹೇಳಿದ್ದಾಗಿತ್ತು, ನಡುದಾರಿಯಲ್ಲಿ ಇಳಿಯುವ ಹಾಗಿರಲಿಲ್ಲ. ಚೌಗುಲೆಯವರು ಬಚ್ಚಲು ನೋಡಿದರು, ಬಾವಿ ನೋಡಿದರು, ಅಡಿಗೆಮನೆಯ ಬಾಗಿಲಲ್ಲಿ ನಿಂತು ಅನಂತಮತಿಯನ್ನು ಕೇಳಿದರು, “ಹೊತ್ತು ಮುಣುಗೂದ್ರಾಗ ಊಟ ಆಗ್ತದೇನವಾ?”

“ನಮ್ಮ ಮನೇಲೂ ಅದೇ ಕ್ರಮ ಅಣ್ಣ. ದೀಪ ಹಚ್ಚೋ ಮುಂಚೆ ಒಲೆ ಆರಿಸಿಬಿಡ್ತೀನಿ.”

ಅವರು ತಲೆಯಾಡಿಸಿ, ಮಜ್ಜಿಗೆ ಕುಡಿದು, ಹೊರಗೆ ಬಂದು ಕಾರು ಹತ್ತಿದರು. ಚರ್ಮದ ಪೆಟ್ಟಿಗೆ ಕಾರಿನಿಂದ ಇಳಿದೇ ಇರಲಿಲ್ಲ. “ಬೆಳಗೊಳಕ್ಕ ಹೋಗು,” ಎಂದು ರುದ್ರಯ್ಯನಿಗೆ ಹೇಳಿ, ಧರಣೇಂದ್ರಯ್ಯನಿಗೆ ಕೈಮುಗಿದು, “ಬರ್ತೇನ್ರಿ,” ಅಂದರು.

ಕಾರು ಮರೆಯಾಯಿತು. ಧರಣೇಂದ್ರಯ್ಯ ಜಗಲಿಯ ಮೇಲೆ ಕೂತು ಕೋಟು ಬಿಚ್ಚಿದ. ಗುಂಡಿಗಳೂ ಅವನೂ ಒಟ್ಟಿಗೆ ಉಸಿರು ಬಿಟ್ಟರು.

“ಏನಂದರು?” ಎಂದು ಗಂಗಾಧರಯ್ಯ ರಸ್ತೆ ದಾಟಿ ಬಂದ.

“ಬರ್ತೇನೆ ಅಂದರು.”

“ಹೊರಡುವಾಗ?”

“ಹೊರಡುವಾಗ.”

ಗಂಗಾಧರಯ್ಯ ಸತ್ತವರ ಮನೆಗೆ ಬಂದವನಂತೆ ಪಕ್ಕದಲ್ಲಿ ಕೂತ. “ಬೆಳಿಗ್ಗೆಯೇ ಹೇಳಿದೆನಲ್ಲ ಅದರ ಅರ್ಥ. ಹೋಗಲಿ ಬಿಡಿ.”

ಅನಂತಮತಿ ಹೊಸಿಲ ಮೇಲೆ ನಿಂತು ಅಂದಳು, “ಊಟದ ಹೊತ್ತು ಕೇಳಿದರಲ್ಲ ರೀ. ಸುಮ್ಮನೆ ಯಾಕೆ ಕೇಳ್ತಾರೆ? ಹೋಳಿಗೆಗೆ ಹೂರಣ ರುಬ್ಬಿದ್ದೀನಿ. ಕಾಯೋಣ.”

“ಒಂದು ದಿನಕ್ಕೆ ಎರಡು ಸಲ ಮೋಸ ಹೋಗೋಕೆ ನಾನೇನು ಪೆದ್ದನಾ?” ಅಂದ ಧರಣೇಂದ್ರಯ್ಯ. ಬೆಳಿಗ್ಗೆಯಿಂದ ಅವನು ಕಲಿತದ್ದು ಅದೊಂದೇ ಪಾಠ, ಅದನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ.

ಅಷ್ಟರಲ್ಲಿ ಹೂವು ಸುತ್ತಿದ ಕಾರೊಂದು ಬಂದು ನಿಂತಿತು. ಇಳಿದವನು ಪುಟ್ಟರಾಜು.

“ಸಾ, ಕಾಪಾಡ್ಬೇಕು. ಮದ್ವೆ ಮುಗ್ಸ್ಕಂಡು ಬರೋವಾಗ ದಿಬ್ಬಣದ ಬಸ್ಸಿಂದು ಆಕ್ಸಲ್ ಮುರ್ದೋಗದೆ. ಎಣ್ಣು ಗಂಡು ಸೇರಿ ಇಪ್ಪತ್ತು ಜನ ರಸ್ತೆ ಮ್ಯಾಲೆ ಅವ್ರೆ. ಒಂದು ರಾತ್ರಿ ಜಾಗ ಕೊಡಿ.”

“ನಿನ್ನೆ ಬರ್ತೀನಿ ಅಂದೆ, ಬರಲಿಲ್ಲ,” ಅಂದ ಧರಣೇಂದ್ರಯ್ಯ.

“ಬಂದ್ನಲ್ಲ ಸಾ ಈಗ!”

ಧರಣೇಂದ್ರಯ್ಯ ಬೀಗದ ಕೈ ಗೊಂಚಲು ತಂದ. ರೂಮಿಗೆ ಒಂದೂವರೆಯಂತೆ, ಬಿಸಿನೀರು ಸೇರಿ, ಆರು ರೂಪಾಯಿಗೆ ನಾಲ್ಕು ರೂಮೂ ಹೋದವು. ದಿಬ್ಬಣದವರು ಬಂದರು. ಮಕ್ಕಳು ಬಾವಿಯ ಸುತ್ತ ಓಡಿದವು. ಸೋಬಾನೆ ಹೆಂಗಸರು ಕಾರಿಡಾರಿನಲ್ಲಿ ಕಾಲು ಚಾಚಿ ಕೂತರು. ಮಾಡಿದ ಅಡಿಗೆ ಹಾಳಾಗಬಾರದೆಂದು ಧರಣೇಂದ್ರಯ್ಯನೇ ಎಲೆ ಹಾಕಿಸಿದ. ಹೋಳಿಗೆ ಖರ್ಚಾಗುವುದನ್ನು ಅನಂತಮತಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಹೊತ್ತು ಮುಳುಗಲು ಇನ್ನೂ ಒಂದು ಮಾರು ಇದೆ ಅನ್ನುವಾಗ ಗದೆ ಎತ್ತಿದ ರಾಕ್ಷಸ ಬಂದು ಬಾಗಿಲಲ್ಲಿ ನಿಂತ. ಚೌಗುಲೆಯವರು ಚರ್ಮದ ಪೆಟ್ಟಿಗೆಯನ್ನು ತಾವೇ ಹಿಡಿದುಕೊಂಡು ಇಳಿದರು. ಅವರ ಮುಖದಲ್ಲಿ ನಗುವಿತ್ತು. ಒಳಗೆ ಇಣುಕಿದರು. ನಗು ಹೋಯಿತು.

“ಬರ್ತೇನಂತ ಹೇಳಿ ಹೋಗಿದ್ನೆಲ್ರಿ,” ಅಂದರು.

ಧರಣೇಂದ್ರಯ್ಯ ಕಾರಿಡಾರು ಕಾಣದಂತೆ ಬಾಗಿಲಿಗೆ ಅಡ್ಡ ಬಂದು ನಿಂತ.

“ನಿಮಗ ಖರೇ ಹೇಳ್ತೇನಿ,” ಚೌಗುಲೆಯವರು ನಿಧಾನವಾಗಿ ಅಂದರು. “ಲಾಡ್ಜು ತುಂಬಿರ್ತದ ಅಂತ ನೀವು ಅಂದ್ರಿ, ಊರಿಗೂರ ನಕ್ಕಿತು. ಸುಳ್ಳು ಅಂತ ತಿಳೀತು, ನನಗ ಖುಷಿ ಆತು. ನಮಗ ಬೇಕಾಗಿದ್ದು ಖಾಲಿ ಲಾಡ್ಜು. ನಮ್ಮ ಮಂದಿ ಬಿಟ್ಟು ಬ್ಯಾರೇದವ್ರು ಇರಬಾರ್ದು, ವರ್ಷಕ್ಕ ನಾಕೂ ಖೋಲಿ ನಾವ ಹಿಡೀಬೇಕು ಅಂತಿದ್ದೆ. ಬೆಟ್ಟದ ಕೆಳಗ ಕೈ ಮುಗದು, ಇದನ್ನ ಗಟ್ಟಿ ಮಾಡಿಕೊಂಡ ಬಂದೆ.” ಕಾರಿಡಾರಿನಲ್ಲಿ ಮದುಮಗನ ಸೋದರಮಾವ ಗೊರಕೆ ಹೊಡೆಯತೊಡಗಿದ. “ನೀವಂದದ್ದು ಖರೇನ ಐತಿ. ತುಂಬಿದ ಮನಿಯಾಗ ನಮಗೆಲ್ಲಿ ಜಾಗ?”

“ಇವತ್ತೊಂದೇ ದಿನ ಸ್ವಾಮಿ! ಆಣೆ ಮಾಡ್ತೀನಿ, ಎರಡು ವರ್ಷದಿಂದ ನೊಣ ಕೂಡ ಬಂದಿಲ್ಲ! ಗಂಗಾಧರಯ್ಯನವರೇ, ಹೇಳಿ!”

ಗಂಗಾಧರಯ್ಯನಿಗೆ ನೆರೆಯವನ ಮಾನ ಉಳಿಸಬೇಕೆಂದು ಆ ದಿನವೇ, ಆ ಗಳಿಗೆಯಲ್ಲೇ ಅನ್ನಿಸಿತು. “ಹಾಗನ್ನಬಾರದು ಸ್ವಾಮಿ, ಸಂಕೋಚಕ್ಕೆ ಹೇಳ್ತಾರೆ. ಇಲ್ಲಿ ಯಾವಾಗಲೂ ಹೀಗೇ ಜಾತ್ರೆ,” ಅಂದ.

ಚೌಗುಲೆಯವರು ಪೆಟ್ಟಿಗೆಯನ್ನು ಮತ್ತೆ ಕಾರಿನೊಳಗಿಟ್ಟರು. ಊಟದ ಹೊತ್ತು ಮೀರುತ್ತಿತ್ತು. ಹಾಸನದಲ್ಲಿ ಇನ್ನೊಂದು ಲಾಡ್ಜಿದೆ ಎಂದು ರುದ್ರಯ್ಯ ದಾರಿಯಲ್ಲೇ ಹೇಳಿದ್ದನಂತೆ. ಅವರು ಅನಂತಮತಿಯ ಕಡೆ ನೋಡಿ ಕೈಮುಗಿದರು. ಈ ಸಲ ಅವರು ಆಡಿದ ಮಾತು, ಆ ಊರಿನಲ್ಲಿ ಬದುಕಿರುವವರು ಹೊಸಿಲಲ್ಲಿ ನಿಂತು ಆಡದ ಮಾತು.

“ಹೋಗ್ತೇನವಾ,” ಅಂದರು.

ಹೋದರು. ಮತ್ತೆ ಬರಲಿಲ್ಲ.

ಧರಣೇಂದ್ರಯ್ಯ ಈಗ ಭಾವಮೈದನ ಮಂಡಿಯಲ್ಲಿ ಕೊಬ್ಬರಿ ತೂಗುತ್ತಾನೆ. ಲಾಡ್ಜಿನ ನಾಲ್ಕು ರೂಮುಗಳೂ ಮಂಡಿಯ ಉಗ್ರಾಣವಾಗಿವೆ, ಯಾವಾಗಲೂ ತುಂಬಿರುತ್ತವೆ. ಆ ದಿನ ಬಂದದ್ದು ಆರು ರೂಪಾಯಿ. ಕಾರಿಗೆ ಹೋದದ್ದು ನೂರು. ಅನಂತಮತಿಯ ತೋಟ ಹೋಗಿದ್ದು ಮೊದಲೇ. ಅದು ತಿರುಗಿ ಬರಬಹುದೆಂಬ ಆಸೆ ಹೋದದ್ದು ಆ ಸಂಜೆ.